ದಿನಕ್ಕೆ 6 ರೂಪಾಯಿ 66 ಪೈಸೆ

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಧನ್ವಾಡದಲ್ಲಿ ವಯಸ್ಸಾದವರಿಗೆ 'ಆಸರಾ' ಪಿಂಚಣಿ ತಿಂಗಳಿಗೆ 2,016 ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ಎಷ್ಟು ಗೊತ್ತೇ? 200. ಅದೂ ಬಡತನ ರೇಖೆಯ ಕೆಳಗಿನ ಪಟ್ಟಿಯಲ್ಲಿ ಹೆಸರಿದ್ದರೆ. ಎಂಬತ್ತು ತುಂಬಿದರೆ 500.

1995ರಲ್ಲಿ ಕೇಂದ್ರದ ವೃದ್ಧಾಪ್ಯ ಪಿಂಚಣಿ ಯೋಜನೆ ಶುರುವಾದಾಗ ಅದು ಕೊಡುತ್ತಿದ್ದದ್ದು 75 ರೂಪಾಯಿ. ಬೆಲೆ ಏರಿಕೆಯ ಲೆಕ್ಕ ಹಾಕಿದರೆ ಆ 75ಕ್ಕೆ ಸರಿಸಮ ಆಗಲು ಇವತ್ತು 450ಕ್ಕೂ ಹೆಚ್ಚು ಬೇಕು. ಅಂದರೆ ಮೂವತ್ತು ವರ್ಷದಲ್ಲಿ ನೆರವು ಏರಿಲ್ಲ, ಅರ್ಧಕ್ಕಿಂತ ಕೆಳಗೆ ಇಳಿದಿದೆ! 200 ಅಂತ ಗೊತ್ತು ಮಾಡಿ ಹತ್ತಿರ ಹತ್ತಿರ ಎರಡು ದಶಕವಾಯಿತು. ಅದು ಅಲ್ಲೇ ನಿಂತಿದೆ.

ಉಳಿದದ್ದನ್ನು ರಾಜ್ಯಗಳೇ ಹೊರಬೇಕು. ಗಡಿ ದಾಟಿ ಯಾದಗಿರಿ ಕಡೆಗೆ ಹೋದರೆ, ಅದೇ ಮಾತು, ಅದೇ ತೊಗರಿ ಹೊಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ 1,200. ತೆಲಂಗಾಣದಲ್ಲಿ ಮುದುಕರು, ವಿಧವೆಯರು, ನೇಕಾರರು, ಅಂಗವಿಕಲರೆಲ್ಲ ಸೇರಿ ಆಸರಾ ಪಡೆಯುವವರು 40 ಲಕ್ಷಕ್ಕೂ ಹೆಚ್ಚು. ತಲೆಗೆ 2,016 ಎಂದೇ ಹಿಡಿದರೂ ವರ್ಷಕ್ಕೆ 9,676 ಕೋಟಿ. 2025-26ರ ಬಜೆಟ್‌ನಲ್ಲಿ ಕೇಂದ್ರ ಇಡೀ ದೇಶದ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಇಟ್ಟದ್ದು 9,652 ಕೋಟಿ!

ಈ ಪಿಂಚಣಿಯೂ ಸುಮ್ಮನೆ ಕೈಗೆ ಬರುತ್ತಿರಲಿಲ್ಲ. 2025ರವರೆಗೂ ಅಂಚೆಯವರ ಯಂತ್ರದ ಮೇಲೆ ಬೆರಳು ಒತ್ತಬೇಕಿತ್ತು. ಕಳೆ ಕಿತ್ತು, ಹತ್ತಿ ಬಿಡಿಸಿ ಸವೆದ ಬೆರಳಲ್ಲಿ ಗೆರೆಯೇ ಉಳಿದಿರುತ್ತಿರಲಿಲ್ಲ. ಅಜ್ಜಿ ಕೈ ತೊಳೆದು, ಸೆರಗಿಗೆ ಒರೆಸಿ, ಹೆಬ್ಬೆಟ್ಟು ಬಿಟ್ಟು ತೋರುಬೆರಳು ಒತ್ತುತ್ತಿದ್ದಳು. ಜೀವಮಾನವಿಡೀ ದುಡಿದದ್ದೇ ಅವಳಿಗೆ ಅಡ್ಡ ಬರುತ್ತಿತ್ತು.

ಇನ್ನು ಮುಂದಿನದು. ಪಾಲಮೂರಿನ, ಅಂದರೆ ಈ ಹಳೆಯ ಮಹಬೂಬ್‌ನಗರ ಸೀಮೆಯ, ಕೂಲಿಗಳು ದೇಶದ ಅಣೆಕಟ್ಟು, ಕಾಲುವೆ, ಕಟ್ಟಡಗಳಿಗೆ ಮಣ್ಣು ಹೊತ್ತವರು. ಇವತ್ತು ಹೈದರಾಬಾದಿನಲ್ಲಿ ಇಟ್ಟಿಗೆ ಹೊರುವ 35ರ ಹುಡುಗನಿಗೆ ಪಿಎಫ್ ಇಲ್ಲ. 2050ರ ಹೊತ್ತಿಗೆ ಅವನಿಗೆ ಅರವತ್ತು. ಆಗ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 34.7 ಕೋಟಿ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಅಮೆರಿಕದ ಈಗಿನ ಒಟ್ಟು ಜನಸಂಖ್ಯೆಯಷ್ಟು ಮುದುಕರು! ಅಷ್ಟೂ ಜನಕ್ಕೆ ಇಂದಿನ 2,016 ಕೊಟ್ಟರೆ ವರ್ಷಕ್ಕೆ 8.39 ಲಕ್ಷ ಕೋಟಿ, ಅಂದರೆ 2025-26ರ ಕೇಂದ್ರ ಬಜೆಟ್‌ನ ಆರನೇ ಒಂದು ಭಾಗ.

ದೊಡ್ಡ ಮೊತ್ತವೇ, ಆದರೆ ಕೈಗೆಟುಕದ್ದಲ್ಲ. ದೇಶ ಇನ್ನೂ ಪ್ರಾಯದಲ್ಲಿರುವ ಈಗಲೇ ಶುರು ಮಾಡಬೇಕು. ಕೇಂದ್ರ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಅದೇ ಸೂಚ್ಯಂಕ ಈ 200ಕ್ಕೂ ಅನ್ವಯವಾಗಲಿ.