ಕಾರ್ಡ್ ಯಂತ್ರ ನಿಜಕ್ಕೂ ಉಚಿತವೇ?

ಕಾರ್ಡ್ ಯಂತ್ರ ಹಿಡಿದು ಸಣ್ಣ ಅಂಗಡಿಗಳಿಗೆ ಬರುವ ಪ್ರತಿನಿಧಿಗಳು ಮೊದಲು ಆಡುವ ಮಾತು ಬಾಡಿಗೆಯದು. ‘ಯಂತ್ರ ಉಚಿತ’ ಎಂದರೆ ಅರ್ಧ ವ್ಯಾಪಾರ ಕುದುರಿದಂತೆಯೇ. ವರ್ತಕ ವಿಚಾರಿಸಬೇಕಾದುದು ಪ್ರತಿ ಮಾರಾಟದಲ್ಲಿ ಮುರಿದುಕೊಳ್ಳುವ ಶುಲ್ಕವನ್ನು.

ಡೆಬಿಟ್ ಕಾರ್ಡಿನ ಚಿಂತೆ ಕಡಿಮೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರಿಗೆ ಶುಲ್ಕ ಶೇ 0.40ನ್ನು ದಾಟಬಾರದೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ವಿಧಿಸಿದೆ. ರುಪೇ ಡೆಬಿಟ್ ಕಾರ್ಡಿಗೆ 2020ರಿಂದ ಶುಲ್ಕವೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿಯಿಲ್ಲ. ಅಲ್ಲಿ ಚೌಕಾಸಿಯೇ ಗತಿ.

ಜಯನಗರದಲ್ಲಿ ಪಾತ್ರೆ ಅಂಗಡಿಯಿಟ್ಟಿರುವ ಪರಿಚಿತರೊಬ್ಬರಿಗೆ ನಾನು ಹಾಕಿಕೊಟ್ಟ ಲೆಕ್ಕವಿದು. 5,000 ರೂಪಾಯಿ ಮಾರಾಟಕ್ಕೆ ಶೇ 2ರಂತೆ ಶುಲ್ಕ 100, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 118. ಅಲ್ಪವೆನಿಸಬಹುದು. ಆದರೆ ಅವರಿಗೆ ಉಳಿಯುವ ಲಾಭ ಶೇ 10, ಅಂದರೆ 500 ರೂಪಾಯಿ. ಹೆಚ್ಚುಕಡಿಮೆ ಅದರ ಕಾಲುಭಾಗವೇ ಹೋಯಿತು! ಕಾಂಪೊಸಿಷನ್ ಯೋಜನೆಯಲ್ಲಿ ತೆರಿಗೆ ಕಟ್ಟುವವರಾದ್ದರಿಂದ ಆ 18 ರೂಪಾಯಿಯೂ ಮರಳಿ ಬಾರದು.

ಅವರ ಮುಂದೆ ಎರಡು ಆಯ್ಕೆಗಳಿದ್ದವು. ‘ಉಚಿತ’ ಯಂತ್ರದವರ ದರ ಶೇ 2. ತಿಂಗಳಿಗೆ 300 ರೂಪಾಯಿ ಬಾಡಿಗೆ ಕೇಳಿದವರದು ಶೇ 1.6. ಕ್ರೆಡಿಟ್ ಕಾರ್ಡ್ ಮಾರಾಟ ತಿಂಗಳಿಗೆ 75,000 ರೂಪಾಯಿ ದಾಟಿದರೆ ಬಾಡಿಗೆಯ ಯಂತ್ರವೇ ಅಗ್ಗ. ಮದುವೆಯ ತಿಂಗಳುಗಳಲ್ಲಿ ಅವರ ಮಾರಾಟ ಅದರ ದುಪ್ಪಟ್ಟು, ಆಷಾಢದಲ್ಲಿ ಅರ್ಧಕ್ಕೂ ಕಡಿಮೆ. ಹಾಗಾಗಿ ಇಡೀ ವರ್ಷದ ಪುಸ್ತಕ ತೆಗೆಸಿ ಕೂಡಿದೆವು, ಬಾಡಿಗೆಯದೇ ಗೆದ್ದಿತು.

ಹಣ ಎಷ್ಟು ದಿನಕ್ಕೆ ಖಾತೆ ಸೇರುತ್ತದೆ, ನಡುವೆ ಬಿಟ್ಟರೆ ದಂಡವೆಷ್ಟು ಎಂಬುದನ್ನು ಸಹಿಗೆ ಮುನ್ನ ಬರೆಸಿಕೊಳ್ಳಿರೆಂದು ಹೇಳಿದ್ದೇನೆ.