ಜಲಪಾತ ಮಾರಾಟಕ್ಕಿದೆ!

ವೀಕ್ಷಕರೇ, ಬಡವನಹಳ್ಳಿಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಬೋರ್‌ವೆಲ್ ಕೈಕೊಟ್ಟ ಹೊಲ ಮಾರಿ, ಮಲೆನಾಡಲ್ಲಿ ‘ಜಲಪಾತ ಇರೋ ಖಾಸಗಿ ಕಾಡು’ ಕೊಳ್ತಾನಂತೆ. ನಾಳೆಯೇ ಅಡ್ವಾನ್ಸ್! ಅವನ ಆಸೆ ತಪ್ಪಲ್ಲ. ಮಧುಗಿರಿ ಕಡೆಯ ಜಯಮಂಗಲಿ ಹರಿಯೋದೇ ಮಳೆ ನೋಡಿಕೊಂಡು.

ನಾನು ಕೇಳಿದ್ದು ಒಂದೇ: ಪಹಣಿಯಲ್ಲಿ ಖರಾಬು ಎಷ್ಟಿದೆ? ‘ಅ’ ಖರಾಬು ಅಂದ್ರೆ ಬೇಸಾಯಕ್ಕೆ ಬಾರದ ಕಲ್ಲುನೆಲ. ‘ಬ’ ಖರಾಬು ಅಂದ್ರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಜಲಪಾತ ಅಂದ್ರೆ ಬಂಡೆಯಿಂದ ಬೀಳೋ ಹಳ್ಳ ತಾನೇ? 1964ರ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ, ಖಾಸಗಿ ಹಕ್ಕು ಸಾಬೀತಾಗದ ಹೊರತು ಹಳ್ಳದ ತಳ, ಹರಿಯೋ ನೀರು ಎರಡೂ ಸರ್ಕಾರದ್ದು. ದುಡ್ಡು ಕೊಟ್ಟವನಿಗೆ ಉಳಿಯೋದು ದಡ ಮತ್ತು ಸದ್ದು!

ಇನ್ನು ಕಾಡಿನ ವಿಷಯ. ಮಾಲೀಕ ಯಾರೇ ಆಗಿರಲಿ, ಕಾಡು ಕಾಡೇ ಅಂತ 1996ರಲ್ಲೇ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡೀಮ್ಡ್ ಫಾರೆಸ್ಟ್ ಆಗಿದ್ದರೆ ಕೇಂದ್ರದ ಒಪ್ಪಿಗೆ ಇಲ್ಲದೆ ರೆಸಾರ್ಟ್ ಎಬ್ಬಿಸೋ ಹಾಗಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆ ಸಡಿಲವಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಬ್ರೋಕರ್ ಅಷ್ಟು ಹೇಳಿ ಸುಮ್ಮನಾಗ್ತಾನೆ.

ಅಡ್ವಾನ್ಸ್ ಸದ್ಯ ಗೆಳೆಯನ ಜೇಬಲ್ಲೇ ಇದೆ. ಸೋಮವಾರ ಆಕಾರಬಂದ್, ಸರ್ವೆ ನಕ್ಷೆ ತೆಗೆಸ್ತಾನಂತೆ. ಏಪ್ರಿಲ್‌ನಲ್ಲೂ ಒಂದ್ಸಲ ಹೋಗಿ, ನೀರು ಬೀಳುತ್ತಾ ನೋಡ್ಕೊಂಡು ಬಾ ಅಂದಿದ್ದೀನಿ.