ಹಳೇ ಪಿಕಪ್‌ಗೆ ಕೂಲರ್ ಹಾಕ್ಸೋ ಮುಂಚೆ ರೇಡಿಯೇಟರ್, ಪೈಪು ನೋಡಿ

ಮೊನ್ನೆ ನಮ್ಮೂರಿನ ಹುಡುಗನೊಬ್ಬ ಮೊಬೈಲ್ ಹಿಡ್ಕೊಂಡು ಬಂದ. ಅಮೆರಿಕದ ಯಾರೋ ತಮ್ಮ ಹಳೇ ಪಿಕಪ್‌ಗೆ ದೊಡ್ಡ ಟ್ರಾನ್ಸ್‌ಮಿಷನ್ ಕೂಲರ್, ಹೊಸ ಪೈಪ್‌ಲೈನ್ ಹಾಕೋ ವಿಡಿಯೋ ಅದು. "ಅಣ್ಣಾ, ನಮ್ಮ ಗಾಡಿಗೂ ಇದನ್ನ ಹಾಕ್ಸಿದ್ರೆ ಲೋಡ್‌ನಲ್ಲಿ ಬಿಸಿ ಆಗೋದು ನಿಲ್ಲುತ್ತಾ?" ಅಂತ ಕೇಳಿದ. ಪ್ರಶ್ನೆ ಚೆನ್ನಾಗಿದೆ, ಆದರೆ ಉತ್ತರ ಇಲ್ಲ.

ಅಲ್ಲಿನ ಪಿಕಪ್‌ಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್ ಗೇರಿನವು. ಅದರಲ್ಲಿ ಕ್ಲಚ್ ಪ್ಲೇಟ್ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತದೆ. ಇಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರಿಗೆ ಹೋಗುವುದರಿಂದ, ಹಿಂದೆ ಟ್ರೇಲರ್ ಕಟ್ಟಿ ಏರು ಹತ್ತಿದಾಗ ಆ ಎಣ್ಣೆ ವಿಪರೀತ ಕಾಯುತ್ತದೆ. ಕಾದ ಎಣ್ಣೆ ಒಂದು ಪೈಪಿನಲ್ಲಿ ಮುಂದೆ ಬಂದು, ರೇಡಿಯೇಟರ್ ಹತ್ತಿರ ತಣ್ಣಗಾಗಿ ಇನ್ನೊಂದು ಪೈಪಿನಲ್ಲಿ ವಾಪಸ್ ಹೋಗಬೇಕು. ಗಾಡಿ ಹಳೆಯದಾದರೆ ಆ ಪೈಪುಗಳು ತುಕ್ಕು ಹಿಡಿಯುತ್ತವೆ, ರಬ್ಬರ್ ಸೀಳುತ್ತದೆ. ಅದಕ್ಕೇ ಅವರು ಬದಲಾಯಿಸುತ್ತಾರೆ. ನಾವು ತರಕಾರಿ ಹೊಡೆಯುವ ಹಳೇ ಡೀಸೆಲ್ ಪಿಕಪ್‌ಗಳು ಮ್ಯಾನ್ಯುಯಲ್ ಗೇರಿನವು. ಕ್ಲಚ್ ಒಣದು, ಗೇರ್‌ಬಾಕ್ಸಿನ ಎಣ್ಣೆ ಅಲ್ಲೇ ಚಿಮ್ಮಿಕೊಂಡು ಪೆಟ್ಟಿಗೆಯ ಮೈಯಿಂದಲೇ ತಣ್ಣಗಾಗುತ್ತದೆ. ಹೊರಗೆ ಹೋಗುವ ಲೈನೇ ಇಲ್ಲ ಅಂದಮೇಲೆ ಕೂಲರ್ ಎಲ್ಲಿಗೆ ಜೋಡಿಸ್ತೀರಿ? ಗಾಡಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಗೇರ್ ಆಯಿಲ್ ಬದಲಾಯಿಸಿ, ಲೆವೆಲ್ ನೋಡಿ, ಸಾಕು.

ನಮ್ಮ ಗಾಡಿಗಳಲ್ಲಿ ಬಿಸಿಯಾಗೋದು ಇಂಜಿನ್. ಇದನ್ನ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಒಂದು ಏಪ್ರಿಲ್‌ನಲ್ಲಿ 15 ಕೆಜಿಯ 90 ಬಾಕ್ಸ್ ಟೊಮೆಟೊ ತುಂಬಿ ಕೋಲಾರ ಮಂಡಿಗೆ ಹೊರಟಿದ್ದೆ. ಹತ್ತಿರ ಹತ್ತಿರ 1,350 ಕೆಜಿ, ಮೇಲೆ ಬಾಕ್ಸಿನ ತೂಕ ಬೇರೆ. ಅರ್ಧ ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಗಿದ್ದು ಕಂಡಿತು. "ಇನ್ನೇನು ಹತ್ತು ಕಿಲೋಮೀಟರ್" ಅಂತ ಓಡಿಸಿದೆ. ಕೊನೆಗೆ ಹೊಗೆ ಎದ್ದು ನಿಂತಾಗ ಬಾಟಲಿಯ ತಣ್ಣೀರು ಸುರಿದೆ. ಎರಡೂ ತಪ್ಪು. ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬಾಗಿತ್ತು. ಬಾಡಿಗೆ ಗಾಡಿಗೆ ಮಾಲು ಬದಲಾಯಿಸಿ ಮಂಡಿ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು, ಉಳಿದಿದ್ದನ್ನ ಸಿಕ್ಕ ರೇಟಿಗೆ ಬಿಟ್ಟು ಬಂದೆ. ರಿಪೇರಿ ಬಿಲ್ಲಿನಲ್ಲಿ ಎರಡು ಹೊಸ ರೇಡಿಯೇಟರ್ ಬರ್ತಿದ್ವು.

ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿ ತೋರಿಸಿದಾಗ ಒಳಗಿನ ಟ್ಯೂಬುಗಳಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ನಮ್ಮ ಮನೆ ಸ್ನಾನದ ಹಂಡೆಯಲ್ಲಿ ಕಟ್ಟುತ್ತಲ್ಲ, ಅದೇ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದು ನಾನೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮಗೆ ನಾನು ಹೇಳಬೇಕಿಲ್ಲ, ಡ್ರಿಪ್ ಪೈಪಿನ ತೂತು ಕಟ್ಟಿಕೊಳ್ಳೋದನ್ನ ನೋಡೇ ಇರ್ತೀರಿ. ಡ್ರಿಪ್‌ಗೆ ಆಸಿಡ್ ಬಿಟ್ಟು ತೊಳೀತೀವಿ. ರೇಡಿಯೇಟರ್‌ಗೆ ಮಾತ್ರ ಅದೇ ಆಸಿಡ್ ಹಾಕೋಕೆ ಹೋಗಬೇಡಿ, ಅಲ್ಯೂಮಿನಿಯಂ ತಿಂದುಬಿಡುತ್ತದೆ.

ಆ ಸುಣ್ಣದ ಪದರ ಕಂಬಳಿ ಹೊದಿಸಿದ ಹಾಗೆ. ಹೊರಗೆ ಎಷ್ಟು ಗಾಳಿ ಹೊಡೆದರೂ ಒಳಗಿನ ಶಾಖ ಹೊರಗೆ ಬರೋದಿಲ್ಲ. ಹಾಗಾಗಿ ಮೊದಲ ಅಪ್‌ಗ್ರೇಡ್ ಅಂದರೆ ಕೂಲಂಟ್. ಡಬ್ಬಿಯ ಮೇಲೆ ಓದಿ: ಕೆಲವು ನೇರವಾಗಿ ಹಾಕುವಂಥವು, ಕೆಲವು ಗಟ್ಟಿ. ಗಟ್ಟಿಯದಕ್ಕೆ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬಣ್ಣ ಬಣ್ಣದ್ದು ಸೇರಿಸಬೇಡಿ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಅರ್ಧಕ್ಕರ್ಧ ಮಿಶ್ರಣ 107ರ ಆಸುಪಾಸಿನಲ್ಲಿ. ಅದಕ್ಕಿಂತ ಮುಖ್ಯ, ಅದರಲ್ಲಿರುವ ರಾಸಾಯನಿಕ ತುಕ್ಕು ತಡೆಯುತ್ತದೆ.

ಇನ್ನು ರೇಡಿಯೇಟರ್ ಮುಚ್ಚಳ. ಇದನ್ನ ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅದು ಬರೀ ಮುಚ್ಚಳ ಅಲ್ಲ, ಕುಕ್ಕರ್‌ನ ವಿಷಲ್ ಇದ್ದ ಹಾಗೆ. ಒಳಗೆ 1 ಬಾರ್ ಒತ್ತಡ ಹಿಡಿದರೆ ಬರೀ ನೀರೂ 120 ಡಿಗ್ರಿವರೆಗೆ ಕುದಿಯೋದಿಲ್ಲ. ಸ್ಪ್ರಿಂಗ್ ಸತ್ತಿದ್ದರೆ, ರಬ್ಬರ್ ವಾಷರ್ ಒಡೆದಿದ್ದರೆ ಆ ಲಾಭ ಪೂರ್ತಿ ಹೋಯಿತು. ಹಳೇ ಮುಚ್ಚಳದ ಮೇಲೆ ಬರೆದ ಒತ್ತಡದ ನಂಬರನ್ನೇ ನೋಡಿ ಹೊಸದು ತನ್ನಿ. "ಸ್ವಲ್ಪ ಜಾಸ್ತಿದು ಹಾಕೋಣ" ಅಂದರೆ ಹಳೇ ಪೈಪು ಸೀಳುತ್ತೆ.

ಪೈಪುಗಳನ್ನ ಇಂಜಿನ್ ತಣ್ಣಗಿದ್ದಾಗ ಕೈಯಲ್ಲಿ ಹಿಸುಕಿ ನೋಡಿ. ಕಟ್ಟಿಗೆ ಥರ ಗಟ್ಟಿ ಆಗಿದ್ದರೂ ಕೆಟ್ಟದ್ದು, ಇಡ್ಲಿ ಥರ ಮೆತ್ತಗಾಗಿದ್ದರೂ ಕೆಟ್ಟದ್ದು. ಕ್ಲಿಪ್ಪಿನ ಪಕ್ಕ ಊದಿಕೊಂಡಿದೆಯಾ, ಬಿರುಕು ಇದೆಯಾ, ಡೀಸೆಲ್ ಅಥವಾ ಆಯಿಲ್ ಜಿನುಗಿ ರಬ್ಬರ್ ಉಬ್ಬಿದೆಯಾ ಗಮನಿಸಿ. ಕೆಳಗಿನ ಪೈಪಿನ ಕಡೆ ವಿಶೇಷ ಗಮನ ಬೇಕು. ಪಂಪು ಅಲ್ಲಿಂದ ಎಳೆಯೋದರಿಂದ ಮೆತ್ತಗಾದ ಪೈಪು ಜೋರು ಓಡಿಸುವಾಗ ಚಪ್ಪಟೆ ಆಗಿ ನೀರು ನಿಲ್ಲಿಸುತ್ತದೆ, ಗಾಡಿ ನಿಲ್ಲಿಸಿ ನೋಡಿದರೆ ಮತ್ತೆ ಸರಿಯಾಗಿ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೇ ಒಳಗೆ ಸ್ಪ್ರಿಂಗ್ ಇರುತ್ತೆ. ಹಳೇದರಲ್ಲಿ ಇದ್ದರೆ ಹೊಸದರಲ್ಲೂ ಇರಬೇಕು. ಬದಲಾಯಿಸುವಾಗ ಮೇಲಿನದು, ಕೆಳಗಿನದು ಎರಡೂ ಒಟ್ಟಿಗೆ, ಕ್ಲಿಪ್ಪೂ ಹೊಸದು.

ರೇಡಿಯೇಟರ್ ತಾಮ್ರ-ಹಿತ್ತಾಳೆಯದಾದರೆ ಟ್ಯಾಂಕ್ ಬಿಚ್ಚಿ ಟ್ಯೂಬ್ ಕೆರೆಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂದಾದರೆ ಸುಣ್ಣ ಕಟ್ಟಿದ ಮೇಲೆ ಹೊಸದೇ ವಾಸಿ. ಹೊರಗಿನ ಜಾಲರಿಯಲ್ಲಿ ರಾಗಿ ಹೊಟ್ಟು, ಧೂಳು ಕೂತಿರುತ್ತೆ. ಇಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಜಾಲರಿ ಮಡಚಿಕೊಳ್ಳುತ್ತೆ.

"ಥರ್ಮೋಸ್ಟಾಟ್ ತೆಗೆದುಬಿಡಿ, ತಣ್ಣಗಿರುತ್ತೆ" ಅಂತ ಹೇಳೋರು ಪ್ರತಿ ಊರಲ್ಲೂ ಒಬ್ಬರು ಇರ್ತಾರೆ. ಕೇಳಬೇಡಿ. ಅದಿಲ್ಲದೆ ಇಂಜಿನ್ ಸರಿಯಾದ ಶಾಖಕ್ಕೆ ಬರೋದು ತಡವಾಗಿ ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಹೆಚ್ಚು. ಕೆಟ್ಟಿದ್ದರೆ ಹೊಸದು ಹಾಕ್ಸಿ, ದೊಡ್ಡ ಖರ್ಚೇನಲ್ಲ.

ಮುಳ್ಳು ಕೆಂಪಿಗೆ ಹೋದರೆ ಟೊಮೆಟೊ ಕೊಳೆತರೂ ಪರವಾಗಿಲ್ಲ, ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ. ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ, ಒತ್ತಡದಲ್ಲಿರುವ ನೀರು ಮುಖಕ್ಕೇ ಹಾರುತ್ತದೆ. ಆಮೇಲೂ ಬಟ್ಟೆ ಇಟ್ಟು ನಿಧಾನ ತಿರುಗಿಸಿ. ಮತ್ತೆ ಹೊರಡುವ ಮುಂಚೆ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಬೆರೆತ ಕಾಫಿ ಥರ ಕಂಡರೆ ನೀರು ಸೇರಿದೆ ಅಂತ, ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಬಸಿದ ಹಳೇ ಕೂಲಂಟನ್ನ ಮಾತ್ರ ಚರಂಡಿಗೋ ಕೊಟ್ಟಿಗೆ ಪಕ್ಕಕ್ಕೋ ಸುರಿಯಬೇಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಕರು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಆ ಖಾಲಿ ಕ್ಯಾನನ್ನ ಆಮೇಲೆ ನೀರಿಗೆ, ಹಾಲಿಗೆ ಬಳಸಬೇಡಿ.